ಮುಂಬೈ ಸೆಕೆಯಲ್ಲಿ ಹಣ್ಣಿನ ರಸದ ಜಿಂಜರ್ ಬಿಯರ್: ಗಡಿಯಾರ ನೋಡಬೇಡಿ, ಬಾಟಲಿ ಒತ್ತಿ ನೋಡಿ

ಮುಂಬೈ, ಪುಣೆ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಬ್ರೂ ಪಬ್‌ನಲ್ಲಿ ಹಣ್ಣಿನ ರಸ ಬೆರೆಸಿದ ಗೋಧಿ ಬಿಯರ್ ಕುಡಿದೆವು, ಚೆನ್ನಾಗಿತ್ತು, ಮನೆಯಲ್ಲೇ ಮಾಡೋದು ಹೇಗೆ?

ನನ್ನ ಉತ್ತರ ಪ್ರತಿ ಸಲವೂ ಒಂದೇ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಬಿಯರ್ ತಯಾರಿಸಿದರೆ ಅದು ಅಪರಾಧ. ಬಾಡಿಗೆ ಫ್ಲಾಟಿನಲ್ಲಿ, ಸೊಸೈಟಿಯ ಅಕ್ಕಪಕ್ಕದವರ ನಡುವೆ ಕೂತು ಇದಕ್ಕೆ ಕೈ ಹಾಕಬೇಡಿ.

ಆದರೆ ನಿಮಗೆ ನಿಜವಾಗಿ ಇಷ್ಟವಾಗಿದ್ದು ಏನು? ನೊರೆ, ಚುರುಗುಟ್ಟುವ ಗುಳ್ಳೆ, ತಾಜಾ ಹಣ್ಣಿನ ಪರಿಮಳ, ಸಿಹಿಯ ಹಿಂದೆ ಸಣ್ಣ ಹುಳಿ, ಅಲ್ವಾ? ಅದನ್ನು ಮನೆಯಲ್ಲೇ ಮಾಡಬಹುದು. ಅದೇ ಜಿಂಜರ್ ಬಿಯರ್. ಹೆಸರಿನಲ್ಲಿ ಬಿಯರ್ ಇದ್ದರೂ ಇದಕ್ಕೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬೇಡ, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಬೇಡ. ಶುಂಠಿ, ಸಕ್ಕರೆ, ನಿಂಬೆಹಣ್ಣು, ನೀರು, ಮೇಲೆ ನಿಮ್ಮ ಇಷ್ಟದ ಹಣ್ಣಿನ ರಸ ಇದ್ದರೆ ಸಾಕು. ಇಂಗ್ಲೆಂಡಿನಲ್ಲಿ ಹದಿನೆಂಟನೇ ಶತಮಾನದಿಂದಲೂ ಮನೆಮನೆಯಲ್ಲಿ ಮಾಡುತ್ತಿದ್ದ ಪಾನೀಯ ಇದು.

ಮಾಡುವ ವಿಧಾನ ಸುಲಭ. ನಮ್ಮ ಊರಿನ ಹವೆಯಲ್ಲಿ ಮಾಡುವುದು ಮಾತ್ರ ಬೇರೆ ಲೆಕ್ಕ. ಇಂಗ್ಲಿಷ್ ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಹೇಳುವ ದಿನಗಳ ಲೆಕ್ಕವೆಲ್ಲ 20 ಡಿಗ್ರಿ ಆಸುಪಾಸಿನ ಅಡುಗೆಮನೆಯದು. ಮೇ ತಿಂಗಳಲ್ಲಿ ಚೆಂಬೂರಿನ ಅಡುಗೆಮನೆ 32 ಡಿಗ್ರಿ ದಾಟಿರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಹುದುಗುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅವರು 'ಮೂರು ದಿನ ಹೊರಗಿಡಿ' ಅಂದರೆಂದು ನೀವೂ ಮೂರು ದಿನ ಇಟ್ಟರೆ ಬಾಟಲಿ ಒಡೆಯುತ್ತದೆ. ಇದು ಹೆದರಿಸುವ ಮಾತಲ್ಲ, ಬರಿಯ ಲೆಕ್ಕ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಮೊದಲು ತಿಳಿದಿರಬೇಕಾದ ಎರಡು ವಿಷಯ

ಒಂದು, ಇದರಲ್ಲಿ ಮದ್ಯಸಾರ ಸ್ವಲ್ಪ ಇದ್ದೇ ಇರುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆ ತಿಂದು ಎರಡು ವಸ್ತು ಕೊಡುತ್ತದೆ: ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಮತ್ತು ಮದ್ಯಸಾರ. ಗುಳ್ಳೆ ಬೇಕು, ಇನ್ನೊಂದು ಬೇಡ ಅಂದರೆ ಆಗುವುದಿಲ್ಲ. ಸೋಡಾದಷ್ಟು ಗುಳ್ಳೆ ಬಂದ ಕೂಡಲೇ ಫ್ರಿಜ್‌ಗೆ ಇಟ್ಟರೆ ಮದ್ಯಸಾರ ಸುಮಾರು ಶೇಕಡಾ ಅರ್ಧದಿಂದ ಒಂದರಷ್ಟು ಇರುತ್ತದೆ. ಹೊರಗೆ ಬಿಟ್ಟಷ್ಟೂ ಏರುತ್ತದೆ. ಆದ್ದರಿಂದ ಬೇಗ ನಿಲ್ಲಿಸಿ, ತಣ್ಣಗಿಡಿ, ಬೇಗ ಕುಡಿದು ಮುಗಿಸಿ. ವ್ರತದಿಂದಲೋ ಧರ್ಮದಿಂದಲೋ ಮದ್ಯಸಾರವನ್ನು ಪೂರ್ತಿ ಬಿಟ್ಟವರಿಗೆ ಕೊಡುವ ಮೊದಲು ವಿಷಯ ಹೇಳಿ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇದು ಬೇಡ.

ಎರಡು, ಯೀಸ್ಟ್ ಎಲ್ಲಾ ಸಕ್ಕರೆಯನ್ನೂ ತಿನ್ನುವುದಿಲ್ಲ, ನಾವು ಅರ್ಧದಲ್ಲೇ ನಿಲ್ಲಿಸುತ್ತೇವೆ. ಕೆಳಗಿನ ಅಳತೆಯಲ್ಲಿ 200 ಮಿ.ಲೀ. ಲೋಟಕ್ಕೆ 12–13 ಗ್ರಾಂ ಸಕ್ಕರೆ ಉಳಿಯುತ್ತದೆ. ಅಂಗಡಿಯ ಕೋಲಾದಲ್ಲಿ ಅಷ್ಟೇ ಲೋಟಕ್ಕೆ 21 ಗ್ರಾಂ ಆಸುಪಾಸು ಇರುತ್ತದೆ. ಅದಕ್ಕಿಂತ ಕಡಿಮೆ ನಿಜ, ಆದರೂ ಸಕ್ಕರೆ ಕಾಯಿಲೆ ಇದ್ದವರು ಲೆಕ್ಕ ಇಟ್ಟುಕೊಳ್ಳಬೇಕು. ಹುದುಗಿಸಿದ್ದೆಲ್ಲ ಆರೋಗ್ಯಕ್ಕೆ ಅಮೃತ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದು ರುಚಿಯಾದ ತಂಪು ಪಾನೀಯ, ಅಷ್ಟೇ.

ಏನೇನು ಬೇಕು

ಎರಡು ಲೀಟರ್ ಪಾನೀಯಕ್ಕೆ ಲೆಕ್ಕ ಹೀಗಿದೆ.

ಹೆಪ್ಪಿಗೆ (ಪಾನೀಯವನ್ನು ಹುದುಗಿಸುವುದು ಇದೇ, ವಿವರ ಹಂತ 2ರಲ್ಲಿದೆ): ಕುದಿಸಿ ಆರಿಸಿದ ನೀರು 500 ಮಿ.ಲೀ., ಶುಂಠಿ 25 ಗ್ರಾಂ, ಸಕ್ಕರೆ 25 ಗ್ರಾಂ. ದಿನಾ ಉಣಿಸಲು ಶುಂಠಿ, ಸಕ್ಕರೆ ಸ್ವಲ್ಪ ಸ್ವಲ್ಪ.

ಪಾನೀಯಕ್ಕೆ: ನೀರು ಒಂದೂವರೆ ಲೀಟರ್, ಶುಂಠಿ 100 ಗ್ರಾಂ, ಸಕ್ಕರೆ 120 ಗ್ರಾಂ, ನಿಂಬೆರಸ 60 ಮಿ.ಲೀ., ಚಿಟಿಕೆ ಉಪ್ಪು, ಹಣ್ಣಿನ ರಸ 300 ಮಿ.ಲೀ.

ಪಾತ್ರೆಗಳು: ಒಂದು ಲೀಟರಿನ ಅಗಲ ಬಾಯಿಯ ಗಾಜಿನ ಭರಣಿ, ಸ್ಟೀಲ್ ಪಾತ್ರೆ, ತುರಿಮಣೆ, ತೆಳು ಮಲ್ ಬಟ್ಟೆ, ಫನಲ್, ಸೋಡಾ ಅಥವಾ ಕೋಲಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿಗಳು. ಅಡುಗೆಮನೆ ತಕ್ಕಡಿ ಇದ್ದರೆ ಒಳ್ಳೆಯದು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡ. ಹುಳಿ ಆ ಲೋಹಗಳನ್ನು ಕರಗಿಸುತ್ತದೆ.

ಬಾಟಲಿಯ ವಿಷಯದಲ್ಲಿ ನಾನು ಹಟಮಾರಿ. ಸೋಡಾ ಬಾಟಲಿಯೇ ಆಗಬೇಕು, ಕುಡಿಯುವ ನೀರಿನ ಬಾಟಲಿ ಆಗದು. ಎರಡೂ ನೋಡಲು ಒಂದೇ ತರಹದ ಪ್ಲಾಸ್ಟಿಕ್. ಆದರೆ ನೀರಿನ ಬಾಟಲಿ ತೆಳು, ಅನಿಲದ ಒತ್ತಡ ತಡೆಯಲು ಅದನ್ನು ಮಾಡಿಲ್ಲ. ಸೋಡಾ ಬಾಟಲಿಯ ಗೋಡೆ ದಪ್ಪ. ತಳಕ್ಕೆ ಐದು ಕಾಲಿನ ಆಕಾರ ಕೊಟ್ಟಿರುವುದು ಒತ್ತಡ ತಡೆಯುವುದಕ್ಕೇ. ಗಾಜಿನ ಬಾಟಲಿ ಚೆಂದ ಕಾಣುತ್ತದೆ, ಕೊಕ್ಕೆ ಮುಚ್ಚಳದ್ದು ಇನ್ನೂ ಚೆಂದ. ಅಲಂಕಾರಕ್ಕೆಂದು ಮಾರುವ ಆ ಬಾಟಲಿಗಳಲ್ಲಿ ಒತ್ತಡ ತಡೆಯದವೇ ಜಾಸ್ತಿ. ಪ್ಲಾಸ್ಟಿಕ್ ಬಾಟಲಿ ಒಡೆದರೆ ನೆಲ ಒರೆಸಬೇಕಾಗುತ್ತದೆ. ಗಾಜು ಒಡೆದರೆ ಕಣ್ಣಿಗೆ ಅಪಾಯ. ಕಲಿಯುವವರು ಗಾಜಿನ ಹತ್ತಿರ ಹೋಗಲೇಬೇಡಿ.

ಹಂತ 1: ಶುಂಠಿ ಆರಿಸುವುದು

ಎಲ್ಲಾ ಕೆಲಸ ಮಾಡುವ ಯೀಸ್ಟ್ ಬರುವುದು ಶುಂಠಿಯ ಸಿಪ್ಪೆಯ ಮೇಲಿಂದ. ಹಾಗಾಗಿ ಸಿಪ್ಪೆ ತೆಗೆಯಬಾರದು. ತೀರಾ ಬೆಳ್ಳಗೆ, ಉಜ್ಜಿ ತೊಳೆದು ಹೊಳೆಯುವ ಶುಂಠಿ ಬಿಡಿ. ಮಣ್ಣು ಅಂಟಿದ, ಮೂಗಿಗೆ ಘಂ ಅನ್ನುವ, ಮುರಿದರೆ ಟಕ್ಕೆಂದು ಮುರಿಯುವ ಶುಂಠಿ ತನ್ನಿ. ಮಾಟುಂಗಾ, ದಾದರ್ ಮಾರುಕಟ್ಟೆಗಳಲ್ಲಿ ಮಣ್ಣಿನ ಶುಂಠಿ ಕೇಳಿದರೆ ಕೊಡುತ್ತಾರೆ. ಮನೆಗೆ ತಂದು ತಣ್ಣೀರಿನಲ್ಲಿ ಮಣ್ಣು ಹೋಗುವಷ್ಟು ತೊಳೆದರೆ ಸಾಕು. ಸೋಪು, ಬಿಸಿನೀರು, ತರಕಾರಿ ತೊಳೆಯುವ ದ್ರಾವಣ ಬೇಡ.

ಹಂತ 2: ಹೆಪ್ಪು ಕಟ್ಟುವುದು

ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೂ ಒಂದು ಹೆಪ್ಪು ಬೇಕು. ಇಂಗ್ಲಿಷಿನವರು ಇದನ್ನು ಜಿಂಜರ್ ಬಗ್ ಅನ್ನುತ್ತಾರೆ. ಇದರೊಳಗೆ ಯೀಸ್ಟ್ ಒಂದೇ ಅಲ್ಲ, ಹುಳಿ ಕೊಡುವ ಬ್ಯಾಕ್ಟೀರಿಯಾ ಕೂಡ ಇರುತ್ತದೆ. ಹಳೆಯ ಕಾಲದ ಇಂಗ್ಲೆಂಡಿನಲ್ಲಿ ಜಿಂಜರ್ ಬಿಯರ್‌ಗೆ ಬಳಸುತ್ತಿದ್ದ ಹರಳಿನಂಥ ಹೆಪ್ಪನ್ನು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ ಪರೀಕ್ಷಿಸಿ ನೋಡಿದರು. ಒಂದು ಯೀಸ್ಟ್, ಒಂದು ಬ್ಯಾಕ್ಟೀರಿಯಾ ಜೊತೆಯಾಗಿ ಬಾಳುವುದೇ ಅದರ ಗುಟ್ಟು ಎಂದು 1892ರಲ್ಲಿ ಬರೆದರು. ನಾವು ಮಾಡುವ ಹೆಪ್ಪು ಅದೇ ಅಲ್ಲ, ನಮ್ಮದು ಕಾಡು ಯೀಸ್ಟಿನದು. ಆದರೆ ಕೆಲಸ ಮಾಡುವ ರೀತಿ ಒಂದೇ.

ನಲ್ಲಿ ನೀರನ್ನು ಹಾಗೇ ಹಾಕಬೇಡಿ. ಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಹಾಕುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೆದು ಕುದಿಸಿ, ಪೂರ್ತಿ ಆರಲು ಬಿಡಿ.

ಭರಣಿಗೆ ಬಿಸಿನೀರು ಹಾಕಿ ತೊಳೆದು ಒಣಗಿಸಿ. 500 ಮಿ.ಲೀ. ನೀರು, ಸಿಪ್ಪೆ ಸಮೇತ ತುರಿದ 25 ಗ್ರಾಂ ಶುಂಠಿ, 25 ಗ್ರಾಂ ಸಕ್ಕರೆ ಹಾಕಿ ಚೆನ್ನಾಗಿ ಕಲಕಿ. ಬಾಯಿಗೆ ಮಲ್ ಬಟ್ಟೆ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ. ಬಟ್ಟೆ ಒತ್ತಾಗಿ ನೇಯ್ದದ್ದಾಗಿರಲಿ. ಇಲ್ಲದಿದ್ದರೆ ಹಣ್ಣಿನ ಸಣ್ಣ ನೊಣಗಳು ಒಳಗೆ ಹೋಗುತ್ತವೆ. ಇರುವೆ ಕಾಟ ಇದ್ದರೆ ಭರಣಿಯನ್ನು ನೀರು ತುಂಬಿದ ತಟ್ಟೆಯಲ್ಲಿಡಿ. ಬಿಸಿಲು ಬೀಳದ, ಒಲೆಯಿಂದ ದೂರದ ಜಾಗ ಹುಡುಕಿ.

ಮಾರನೇ ದಿನದಿಂದ ದಿನಕ್ಕೊಮ್ಮೆ ಒಂದು ದೊಡ್ಡ ಚಮಚ ತುರಿದ ಶುಂಠಿ, ಒಂದು ದೊಡ್ಡ ಚಮಚ ಸಕ್ಕರೆ ಹಾಕಿ ಕಲಕಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸುಮ್ನೆ ಕಲಕುವುದೂ ಒಳ್ಳೆಯದು. ಮೇಲೆ ತೇಲುವ ತುರಿ ಒದ್ದೆಯಾಗಿರುತ್ತದೆ, ಬೂಸ್ಟು ಹಿಡಿಯುವುದಿಲ್ಲ.

ಮುಂಬೈಯ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೇ ಹೆಪ್ಪು ಎದ್ದು ನಿಲ್ಲುತ್ತದೆ. ಪುಣೆಯ ಜನವರಿ ಚಳಿಯಲ್ಲಿ ವಾರ ಹಿಡಿಯಬಹುದು. ಎರಡೂ ಸರಿ. ದಿನ ಎಣಿಸುವ ಬದಲು ಗುರುತು ನೋಡಿ: ಕಲಕಿದ ಕೂಡಲೇ ಚುರ್ ಎಂದು ನೊರೆ ಮೇಲೇಳಬೇಕು, ಶುಂಠಿ ತುರಿ ಗುಳ್ಳೆ ಹಿಡಿದು ಮೇಲೆ ಬರಬೇಕು, ವಾಸನೆಯಲ್ಲಿ ಶುಂಠಿಯ ಜೊತೆ ಸಣ್ಣ ಹುಳಿ ಇರಬೇಕು. ಈ ಮೂರೂ ಸಿಗದೆ ಮುಂದಿನ ಹಂತಕ್ಕೆ ಹೋಗಬೇಡಿ. ಬಲ ಇಲ್ಲದ ಹೆಪ್ಪಿನಿಂದ ಸಿಹಿ ಶುಂಠಿ ನೀರು ಸಿಗುತ್ತದೆಯೇ ಹೊರತು ಗುಳ್ಳೆ ಸಿಗುವುದಿಲ್ಲ.

ಮೇಲೆ ಬೆಳ್ಳಗೆ ತೆಳು ಪದರ ಕಟ್ಟಿ, ಅದು ಸುಕ್ಕುಗಟ್ಟಿದಂತೆ ಕಂಡರೆ ಅದೂ ಒಂದು ಜಾತಿಯ ಯೀಸ್ಟ್. ಅಪಾಯವಿಲ್ಲ, ತೆಗೆದು ಹಾಕಿ ಮುಂದುವರಿಯಿರಿ. ಆದರೆ ಹತ್ತಿಯ ಹಾಗೆ ಎದ್ದುನಿಂತ ಬೂಸ್ಟು, ಅಥವಾ ಹಸಿರು, ಕಪ್ಪು, ಗುಲಾಬಿ ಬಣ್ಣದ ಕಲೆ ಕಂಡರೆ ಪೂರ್ತಿ ಚೆಲ್ಲಿ. ಮೇಲಿನದ್ದನ್ನು ಮಾತ್ರ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ. ಬೂಸ್ಟಿನ ಬೇರು ಕೆಳಗೂ ಇಳಿದಿರುತ್ತದೆ. ಶುಂಠಿ, ಸಕ್ಕರೆಗೆ ಆದ ಖರ್ಚು ಹೋದರೆ ಹೋಗಲಿ.

ಹಂತ 3: ಹಣ್ಣು ಆರಿಸುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ. ಪಾನೀಯದ ರುಚಿಯೆಲ್ಲ ಇಲ್ಲಿದೆ, ತಪ್ಪುಗಳೂ ಇಲ್ಲೇ ಆಗುತ್ತವೆ.

ರಸ ನೀವೇ ತೆಗೆದದ್ದಾಗಬೇಕು. ಪ್ಯಾಕೆಟ್ ರಸ ತಂದರೆ ಲೇಬಲ್ ಹಿಂದೆ ಸಣ್ಣ ಅಕ್ಷರದಲ್ಲಿ ಐಎನ್‌ಎಸ್ 211, 202, 224 ಎಂಬ ಸಂಖ್ಯೆಗಳಿವೆಯೇ ನೋಡಿ. ಇವು ಕ್ರಮವಾಗಿ ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ರಸ ಹುದುಗದಂತೆ ತಡೆಯಲೆಂದೇ ಇವನ್ನು ಹಾಕಿರುತ್ತಾರೆ. ನಿಮ್ಮ ಹೆಪ್ಪನ್ನೂ ತಡೆಯುತ್ತವೆ. ರಸ್ತೆ ಬದಿಯ ಅಂಗಡಿಯ ರಸವೂ ಬೇಡ. ಅದರಲ್ಲಿ ಯಾವ ನೀರು, ಯಾವ ಐಸ್ ಸೇರಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಕಬ್ಬಿನ ಹಾಲನ್ನು ಕೇಳುವವರಿದ್ದಾರೆ. ಅದು ಗಂಟೆಗಳಲ್ಲೇ ಕೆಡುತ್ತದೆ, ಹುಳಿಯೂ ಕಡಿಮೆ. ಬಿಟ್ಟುಬಿಡಿ.

ಕೋಕಂ, ಅಂದರೆ ನಮ್ಮ ಪುನರ್ಪುಳಿ, ನನ್ನ ಮೊದಲ ಆಯ್ಕೆ. ಬಣ್ಣ ಮಾಣಿಕ್ಯದಂಥದ್ದು, ಹುಳಿ ತುಂಬು. ಕೊಂಕಣ ಕರಾವಳಿಯ ಹಣ್ಣಾದ್ದರಿಂದ ಮುಂಬೈ, ಗೋವಾದಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಎಚ್ಚರಿಕೆ: ಸಾರಿಗೆ, ಸೋಲ್‌ಕಡಿಗೆ ಬಳಸುವ ಒಣ ಕೋಕಂಗೆ ಉಪ್ಪು ಹಾಕಿರುವುದು ಸಾಮಾನ್ಯ. ಉಪ್ಪು ಜಾಸ್ತಿಯಾದರೆ ಯೀಸ್ಟ್ ಸುಸ್ತಾಗುತ್ತದೆ, ಪಾನೀಯವೂ ಉಪ್ಪುಪ್ಪಾಗುತ್ತದೆ. ಆಗಳ್ ಎಂದು ಮಾರುವ ಗಟ್ಟಿ ರಸವೂ ಉಪ್ಪಿನದ್ದೇ. ಉಪ್ಪಿಲ್ಲದ ಒಣ ಸಿಪ್ಪೆ ಕೇಳಿ ತನ್ನಿ. 30 ಗ್ರಾಂ ಸಿಪ್ಪೆಯನ್ನು 300 ಮಿ.ಲೀ. ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿ. ಇದಕ್ಕೆ ನಿಂಬೆರಸ ಬೇಡ.

ಅನಾನಸ್ ಎರಡನೆಯದು. ಗೋಧಿ ಬಿಯರ್‌ನ ಹಣ್ಣಿನ ಪರಿಮಳ ಹುಡುಕುವವರಿಗೆ ಇದೇ ಹತ್ತಿರ. ಮಿಕ್ಸಿಯಲ್ಲಿ ರುಬ್ಬಿ ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ. ನಾರು ಉಳಿದರೆ ಬಾಟಲಿ ತೆರೆದಾಗ ನೊರೆ ಉಕ್ಕಿ ಅರ್ಧ ಪಾನೀಯ ಹೊರಗೆ ಹೋಗುತ್ತದೆ. ಅನಿಲ ಆ ಸಣ್ಣ ಕಣಗಳ ಮೇಲೆಯೇ ಗುಳ್ಳೆ ಕಟ್ಟುತ್ತದೆ, ಅದೇ ಕಾರಣ.

ಇದೇ ಕಾರಣಕ್ಕೆ ಆಪೂಸ್ ಮಾವಿನಹಣ್ಣು ಕಷ್ಟದ ಹಣ್ಣು. ಏಪ್ರಿಲ್, ಮೇ ಬಂದರೆ ಎಲ್ಲರಿಗೂ ಆಸೆ. ಮಾಡಿ, ಆದರೆ 300ರ ಬದಲು 150 ಮಿ.ಲೀ. ತಿರುಳು ಸಾಕು, ಉಳಿದ 150ಕ್ಕೆ ಕುದಿಸಿ ಆರಿಸಿದ ನೀರು ಹಾಕಿ. ತಿರುಳನ್ನು ಸಣ್ಣ ಜರಡಿಯಲ್ಲಿ ಉಜ್ಜಿ ಸೋಸಿ. ಮಾವಿಗೆ ಹುಳಿ ಕಡಿಮೆ, ನಿಂಬೆರಸ ಕಡಿಮೆ ಮಾಡಬೇಡಿ.

ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ ಪುಣೆಯಲ್ಲಿ ಧಾರಾಳ. ನೆಲಕ್ಕೆ ತಾಗಿ ಬೆಳೆಯುವ ಹಣ್ಣು ಅದು, ಸಿಪ್ಪೆಯೂ ಇಲ್ಲ. ಹಾಗಾಗಿ ಅದನ್ನು ಹಸಿಯಾಗಿ ಹಾಕಬೇಡಿ. ತೊಳೆದು, ಹೆಚ್ಚಿ, ಐದು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿ. ಮಳೆಗಾಲದ ಶುರುವಿನಲ್ಲಿ ನೇರಳೆಹಣ್ಣು ಬರುತ್ತದೆ. ಅದರ ಒಗರು ಶುಂಠಿಯ ಜೊತೆ ಬಹಳ ಚೆನ್ನಾಗಿ ಕೂಡುತ್ತದೆ, ಯಾಕೋ ಜನ ಅದನ್ನು ಮರೆಯುತ್ತಾರೆ.

ಮೋಸಂಬಿ ಬೇಡ. ಹಿಂಡಿದ ಕೂಡಲೇ ಸಿಹಿಯಾಗಿರುವ ಮೋಸಂಬಿ ರಸ ಇಟ್ಟಷ್ಟೂ ಕಹಿಯಾಗುತ್ತದೆ. ಲಿಮೋನಿನ್ ಎಂಬ ಕಹಿ ಪದಾರ್ಥ ರಸದಲ್ಲಿ ನಿಧಾನಕ್ಕೆ ರೂಪುಗೊಳ್ಳುವುದರಿಂದ ಹೀಗಾಗುತ್ತದೆ. ಬಾಟಲಿಯಲ್ಲಿ ಒಂದು ದಿನ ಕೂತರೆ ಕಹಿಯೇ ಗೆಲ್ಲುತ್ತದೆ. ಕಿತ್ತಳೆಗೂ ಈ ಗುಣ ಇದೆ. ಮೋಸಂಬಿ ಬೇಕೇ ಬೇಕು ಅಂದರೆ ಬರಿಯ ಜಿಂಜರ್ ಬಿಯರ್ ಮಾಡಿ, ಲೋಟಕ್ಕೆ ಹಾಕುವಾಗ ತಾಜಾ ರಸ ಬೆರೆಸಿ.

ಹುಳಿಯ ಬಗ್ಗೆ ಒಂದು ಮಾತು. ಕೆಟ್ಟ ಸೂಕ್ಷ್ಮಜೀವಿಗಳನ್ನು ದೂರ ಇಡುವುದು ಹುಳಿಯೇ. ಪಿಎಚ್ ಎನ್ನುವುದು ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ನಿಮ್ಮ ಪಾನೀಯ 4ಕ್ಕಿಂತ ಕೆಳಗಿರಬೇಕು. ಪಿಎಚ್ ಪಟ್ಟಿಗಳು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಪಟ್ಟಿ ಇಲ್ಲದಿದ್ದರೆ ಮೇಲೆ ಹೇಳಿದ ನಿಂಬೆರಸದ ಅಳತೆ ಪಾಲಿಸಿ, ಎಳನೀರು, ಕಲ್ಲಂಗಡಿಯಂಥ ಹುಳಿಯಿಲ್ಲದ ರಸಗಳ ಕಡೆ ಹೋಗಬೇಡಿ.

ಹಂತ 4: ಶುಂಠಿ ಕಷಾಯ

ಸ್ಟೀಲ್ ಪಾತ್ರೆಯಲ್ಲಿ 750 ಮಿ.ಲೀ. ನೀರು, ಜಜ್ಜಿದ 100 ಗ್ರಾಂ ಶುಂಠಿ ಹಾಕಿ 15 ನಿಮಿಷ ಕುದಿಸಿ. ಒಲೆ ಆರಿಸಿ ಸಕ್ಕರೆ, ಉಪ್ಪು ಕರಗಿಸಿ. ಸೋಸಿ, ಮೊದಲೇ ಕುದಿಸಿ ಆರಿಸಿದ ಇನ್ನೊಂದು 750 ಮಿ.ಲೀ. ನೀರು ಸೇರಿಸಿ.

ಸಕ್ಕರೆ ಬದಲು ಕೊಲ್ಹಾಪುರದ ಬೆಲ್ಲ ಹಾಕಬಹುದೇ? ಹಾಕಬಹುದು. ಯೀಸ್ಟಿಗೆ ಬೆಲ್ಲ ಇಷ್ಟ, ಇನ್ನೂ ಬೇಗ ಹುದುಗುತ್ತದೆ. ಆದರೆ ಹಣ್ಣಿನ ಪರಿಮಳ ಬೆಲ್ಲದಡಿ ಮುಳುಗುತ್ತದೆ. ಅರ್ಧ ಸಕ್ಕರೆ, ಅರ್ಧ ಬೆಲ್ಲ ಒಳ್ಳೆಯ ರಾಜಿ. ಸಕ್ಕರೆ ಬದಲಿಗೆ ಬಳಸುವ ಕೃತಕ ಸಿಹಿ ಮಾತ್ರೆಗಳನ್ನು ಯೀಸ್ಟ್ ತಿನ್ನುವುದಿಲ್ಲ.

ಹಂತ 5: ಆರಿಸಿ ಬೆರೆಸುವುದು

ಕಷಾಯ ಪೂರ್ತಿ ಆರಬೇಕು. ಕೈ ಬೆರಳು ಅದ್ದಿದರೆ ಬಿಸಿ ಅನ್ನಿಸಬಾರದು. 45 ಡಿಗ್ರಿ ಮೇಲೆ ಹೆಪ್ಪಿನ ಯೀಸ್ಟ್ ಸಾಯಲು ಶುರುವಾಗುತ್ತದೆ. 'ಎಲ್ಲಾ ಸರಿಯಾಗಿ ಮಾಡಿದೆ, ಗುಳ್ಳೆಯೇ ಬರಲಿಲ್ಲ' ಎನ್ನುವವರನ್ನು ಕೇಳಿ ನೋಡಿದರೆ ಕಾರಣ ಬಹಳ ಸಲ ಇದೇ: ಅವಸರಕ್ಕೆ ಬೆಚ್ಚಗಿರುವಾಗಲೇ ಸುರಿದಿರುತ್ತಾರೆ. ಮುಂಬೈಯಲ್ಲಿ ಆರಲು ಹೊತ್ತು ಬೇಕು, ಪಾತ್ರೆಯನ್ನು ತಣ್ಣೀರಿನ ಟಬ್‌ನಲ್ಲಿಡಿ.

ಆರಿದ ಮೇಲೆ ಹಣ್ಣಿನ ರಸ, ನಿಂಬೆರಸ, ಕೊನೆಗೆ ಸೋಸಿದ ಹೆಪ್ಪು 200 ಮಿ.ಲೀ. ಹಾಕಿ ಕಲಕಿ. ರುಚಿ ನೋಡಿ. ಈಗ ಕುಡಿಯಲು ಬೇಕಾದ್ದಕ್ಕಿಂತ ಒಂದು ಚೂರು ಸಿಹಿ ಜಾಸ್ತಿ ಇರಬೇಕು. ಯೀಸ್ಟ್ ತಿಂದ ಮೇಲೆ ಸರಿಹೋಗುತ್ತದೆ.

ಹಂತ 6: ಬಾಟಲಿಗೆ ತುಂಬುವುದು

ಬಾಟಲಿಗಳನ್ನು ಪಾತ್ರೆ ತೊಳೆಯುವ ದ್ರವದಿಂದ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ಕುದಿಯುವ ನೀರು ಸುರಿಯಬೇಡಿ. ಈ ಪ್ಲಾಸ್ಟಿಕ್ ಮುದುಡಿ, ಒತ್ತಡ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಗೀರು ಬಿದ್ದ, ತಗ್ಗಾದ, ಹಳೆಯ ಬಾಟಲಿಗಳನ್ನು ಪಕ್ಕಕ್ಕಿಡಿ. ಮುಚ್ಚಳದ ಒಳಗಿನ ಅಂಚನ್ನೂ ತೊಳೆಯಿರಿ.

ಫನಲ್ ಇಟ್ಟು ತುಂಬಿ. ಮೇಲೆ ಎರಡು ಮೂರು ಬೆರಳಷ್ಟು ಜಾಗ ಬಿಡಿ. ಈಗ ಬಾಟಲಿಯನ್ನು ಪಕ್ಕದಿಂದ ಒತ್ತಿ, ದ್ರವ ಬಾಯಿ ಹತ್ತಿರ ಬರುವ ಹಾಗೆ ಗಾಳಿ ಹೊರಗೆ ಹಾಕಿ, ಹಾಗೇ ಒತ್ತಿ ಹಿಡಿದು ಮುಚ್ಚಳ ಬಿಗಿಯಿರಿ. ಬಾಟಲಿ ತಗ್ಗಾಗಿ ಕೂತಿರುತ್ತದೆ. ಒಳಗೆ ಅನಿಲ ಹುಟ್ಟಿದ ಹಾಗೆ ತಗ್ಗು ತಾನಾಗಿ ಹೊರಗೆ ಬರುತ್ತದೆ. ಇದಕ್ಕಿಂತ ಒಳ್ಳೆಯ ಅಳತೆ ಯಂತ್ರ ಮನೆಯಲ್ಲಿ ಬೇಕಿಲ್ಲ.

ತಾರೀಕು, ಹೊತ್ತು, ಹಣ್ಣಿನ ಹೆಸರು ಚೀಟಿಯಲ್ಲಿ ಬರೆದು ಅಂಟಿಸಿ.

ಹಂತ 7: ಕಾಯುವುದು, ಒತ್ತಿ ನೋಡುವುದು

ಆರಂಭದಲ್ಲಿ ಹೇಳಿದ ಲೆಕ್ಕ ಇಲ್ಲಿದೆ. ಒಂದು ಗ್ರಾಂ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದರೆ ಸುಮಾರು 250 ಮಿ.ಲೀ. ಅನಿಲ ಹುಟ್ಟುತ್ತದೆ. ಚೆನ್ನಾಗಿ ಗುಳ್ಳೆ ಇರುವ ಸೋಡಾದಲ್ಲಿ ಲೀಟರಿಗೆ ಮೂರೂವರೆ, ನಾಲ್ಕು ಲೀಟರ್ ಅನಿಲ ಕರಗಿರುತ್ತದೆ. ಅಂದರೆ ಲೀಟರಿಗೆ 14–16 ಗ್ರಾಂ ಸಕ್ಕರೆ ಖರ್ಚಾದರೆ ಕೆಲಸ ಮುಗಿಯಿತು. ನಮ್ಮ ಬಾಟಲಿಯಲ್ಲಿ, ಹಣ್ಣಿನದೂ ಸೇರಿ, ಲೀಟರಿಗೆ 70 ಗ್ರಾಂಗೂ ಹೆಚ್ಚು ಇದೆ. ಎಲ್ಲವೂ ಹುದುಗಿದರೆ ಒಂದು ಲೀಟರ್ ಬಾಟಲಿಯೊಳಗೆ 17 ಲೀಟರಿಗೂ ಮೀರಿ ಅನಿಲ ಸೇರುತ್ತದೆ. ಅದನ್ನು ಯಾವ ಬಾಟಲಿಯೂ ತಡೆಯದು. ಸಕ್ಕರೆ ಮುಗಿದ ಮೇಲೆ ತಾನೇ ನಿಲ್ಲುತ್ತದೆ ಎಂದು ಕಾಯುವ ಆಟ ಇಲ್ಲಿ ನಡೆಯುವುದಿಲ್ಲ. ನಿಲ್ಲಿಸಬೇಕಾದವರು ನೀವು.

ಆದ್ದರಿಂದ ಬಾಟಲಿಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲೋ ಖಾಲಿ ಬಕೆಟ್‌ನಲ್ಲೋ ಇಟ್ಟು, ಮೇಲೆ ದಪ್ಪ ಟವೆಲ್ ಹೊದಿಸಿ. ಬಿಸಿಲು ಬೀಳುವ ಬಾಲ್ಕನಿ, ಫ್ರಿಜ್ ಹಿಂದಿನ ಬಿಸಿ ಜಾಗ, ಮಕ್ಕಳ ಕೈಗೆ ಸಿಗುವ ಕಡೆ ಬೇಡ.

ಆರು ಗಂಟೆಗೊಮ್ಮೆ ಬಾಟಲಿಯನ್ನು ಹೆಬ್ಬೆರಳಿನಿಂದ ಒತ್ತಿ. ಮೊದಲು ಮೆತ್ತಗಿರುತ್ತದೆ. ತಗ್ಗು ಹೊರಗೆ ಬಂದ ಮೇಲೆ ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ. ಕೊನೆಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಹೊಸದಾಗಿ ತಂದ ಸೋಡಾ ಬಾಟಲಿ ಎಷ್ಟು ಗಟ್ಟಿಯೋ ಅಷ್ಟು. ಅಂದಾಜು ಸಿಗದಿದ್ದರೆ ಅಂಗಡಿಯ ತೆರೆಯದ ಸೋಡಾ ಬಾಟಲಿ ಒಂದನ್ನು ಪಕ್ಕದಲ್ಲಿಟ್ಟು ಎರಡನ್ನೂ ಒತ್ತಿ ನೋಡಿ. ಸಮ ಆದ ಕೂಡಲೇ ಫ್ರಿಜ್‌ಗೆ.

ಮುಂಬೈ, ಗೋವಾದ ಬೇಸಿಗೆಯಲ್ಲಿ ಇದಕ್ಕೆ 12ರಿಂದ 24 ಗಂಟೆ ಸಾಕಾಗಬಹುದು. ಮಳೆಗಾಲದಲ್ಲಿ ಸ್ವಲ್ಪ ಹೆಚ್ಚು. ಪುಣೆಯ ಚಳಿಯಲ್ಲಿ ಮೂರು ನಾಲ್ಕು ದಿನ. ರಾತ್ರಿ ತುಂಬಿ ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಎಂಟಕ್ಕೆ ಬರುವವರು ಬೇಸಿಗೆಯಲ್ಲಿ ಈ ಕೆಲಸವನ್ನು ಶನಿವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಲೋಕಲ್ ಟ್ರೇನ್ ತಡವಾದರೆ ಬಾಟಲಿ ನಿಮಗೋಸ್ಕರ ಕಾಯುವುದಿಲ್ಲ. ಬಾಟಲಿ ತುಂಬಿ ಊರಿಗೆ ಹೋಗುವುದಂತೂ ಬೇಡವೇ ಬೇಡ.

ಹೊತ್ತು ಮೀರಿ ಬಾಟಲಿ ಉಬ್ಬಿದ್ದರೆ, ತಳ ಹೊರಗೆ ಬಂದು ನೆಟ್ಟಗೆ ನಿಲ್ಲದಂತಾಗಿದ್ದರೆ, ಗಾಬರಿಯಿಂದ ಮುಚ್ಚಳ ತಿರುವಬೇಡಿ. ಟವೆಲ್ ಸುತ್ತಿ, ಮುಖದಿಂದ ದೂರ ಹಿಡಿದು ಫ್ರಿಜ್‌ನಲ್ಲಿಡಿ. ಪೂರ್ತಿ ತಣ್ಣಗಾದ ಮೇಲೆ ಸಿಂಕ್‌ನಲ್ಲಿಟ್ಟು ಕೂದಲೆಳೆಯಷ್ಟು ಸಡಿಲಿಸಿ, ಚುಸ್ಸೆಂದ ಕೂಡಲೇ ಮತ್ತೆ ಬಿಗಿಯಿರಿ. ಹೀಗೆ ಹಲವು ಸಲ.

ಹಂತ 8: ತಣಿಸಿ ತೆರೆಯುವುದು

ಗಟ್ಟಿಯಾದ ಬಾಟಲಿ ಒಂದು ರಾತ್ರಿಯಾದರೂ ಫ್ರಿಜ್‌ನಲ್ಲಿರಬೇಕು. ದ್ರವ ತಣ್ಣಗಾದಷ್ಟೂ ಅನಿಲ ಅದರಲ್ಲಿ ಚೆನ್ನಾಗಿ ಕರಗುತ್ತದೆ. ಬೆಚ್ಚಗಿರುವಾಗ ತೆರೆದರೆ ಎಲ್ಲಾ ನೊರೆಯಾಗಿ ಹೊರಗೆ ಬರುತ್ತದೆ. ಅಲುಗಾಡಿಸದೆ ತಂದು, ಸಿಂಕ್ ಮೇಲೆ ನಿಧಾನವಾಗಿ ತೆರೆಯಿರಿ. ತಳದಲ್ಲಿ ಮಡ್ಡಿ ಕೂತಿರುತ್ತದೆ, ಅದು ಯೀಸ್ಟ್ ಮತ್ತು ಹಣ್ಣಿನ ಕಣ. ಕುಡಿದರೆ ತೊಂದರೆಯಿಲ್ಲ, ಆದರೆ ರುಚಿ ಒರಟು. ಕೊನೆಯ ಎರಡು ಬೆರಳು ಬಿಟ್ಟು ಬಗ್ಗಿಸಿ.

ಫ್ರಿಜ್‌ನಲ್ಲಿ ಹುದುಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ವಾರದೊಳಗೆ ಮುಗಿಸಿ. ಎರಡು ದಿನಕ್ಕೊಮ್ಮೆ ಬಾಟಲಿ ಒತ್ತಿ ನೋಡುವುದನ್ನು ಇಲ್ಲೂ ಬಿಡಬೇಡಿ. ಕರೆಂಟು ಹೋಗಿ ಫ್ರಿಜ್ ಬೆಚ್ಚಗಾದರೆ ಮುಚ್ಚಳಗಳನ್ನು ಸಡಿಲಿಸಿಡಿ. ನೆಂಟರಿಗೆ ಕೊಡಬೇಕೆಂದು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ಬಸ್ಸು, ರೈಲಿನಲ್ಲಿ ಒಯ್ಯಬೇಡಿ. ಅವರಿಗೆ ಮಾಡುವ ವಿಧಾನ ಹೇಳಿಕೊಡಿ, ಬೇಕಿದ್ದರೆ ಮಣ್ಣಿನ ಶುಂಠಿ ಕೊಡಿ.

ಏನೋ ಸರಿಯಿಲ್ಲ ಅನ್ನಿಸಿದರೆ

ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಬಂದರೆ ಯೀಸ್ಟಿಗೆ ಪೋಷಣೆ ಸಾಲದೆ ಒದ್ದಾಡುತ್ತಿದೆ ಎಂದರ್ಥ. ಹೆಪ್ಪಿಗೆ ಶುಂಠಿ ಸ್ವಲ್ಪ ಜಾಸ್ತಿ ಕೊಡಿ, ಸಕ್ಕರೆಯ ಬದಲು ಒಂದು ಸಲ ಬೆಲ್ಲ ಕೊಡಿ. ಉಗುರಿನ ಬಣ್ಣ ಒರೆಸುವ ದ್ರವದ ವಾಸನೆ ಬಂದರೆ ಸೆಕೆ ಜಾಸ್ತಿಯಾಗಿದೆ. ಭರಣಿಯನ್ನು ನೀರಿನ ತಟ್ಟೆಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಗಾಳಿ ತಾಗುವ ಕಡೆ ಇಡಿ. ಮುಂಬೈಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟೊಂದು ಫಲ ಕೊಡುವುದಿಲ್ಲ, ಪುಣೆಯ ಒಣ ಬೇಸಿಗೆಯಲ್ಲಿ ಚೆನ್ನಾಗಿ ಕೊಡುತ್ತದೆ. ಪಾನೀಯ ದಪ್ಪಗೆ ಎಳೆಎಳೆಯಾಗಿ ಲೋಳೆಯಾದರೆ ಬ್ಯಾಕ್ಟೀರಿಯಾ ಯೀಸ್ಟನ್ನು ಮೀರಿ ಬೆಳೆದಿದೆ. ಆ ಬಾಟಲಿಯನ್ನೂ ಹೆಪ್ಪನ್ನೂ ಚೆಲ್ಲಿ, ಹೊಸ ಶುಂಠಿಯಿಂದ ಶುರು ಮಾಡಿ.

ಗುಳ್ಳೆ ಬರಲೇ ಇಲ್ಲವೇ? ಮೊದಲು ಮುಚ್ಚಳ ನೋಡಿ. ಹಳೆಯ ಮುಚ್ಚಳದಿಂದ ಅನಿಲ ಸೋರುವುದು ಸಾಮಾನ್ಯ. ಬಾಟಲಿಯನ್ನು ನೀರಿನಲ್ಲಿ ಮುಳುಗಿಸಿ ಒತ್ತಿದರೆ ಗೊತ್ತಾಗುತ್ತದೆ. ಮುಚ್ಚಳ ಸರಿಯಿದ್ದರೆ ಹೆಪ್ಪಿನ ಬಲ ಸಾಲದು, ಇಲ್ಲವೇ ಬಿಸಿ ಕಷಾಯಕ್ಕೆ ಹಾಕಿದ್ದೀರಿ.

ಉಳಿದ ಹೆಪ್ಪು

ಭರಣಿಯಲ್ಲಿ ಉಳಿದ ಹೆಪ್ಪಿಗೆ ತೆಗೆದಷ್ಟೇ ಕುದಿಸಿ ಆರಿಸಿದ ನೀರು, ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ. ಭರಣಿ ತುಂಬುತ್ತಾ ಬಂದರೆ ಹಳೆಯ ತುರಿಯನ್ನು ಅರ್ಧ ತೆಗೆಯಿರಿ. ವಾರವಾರ ಮಾಡುವವರು ಹೊರಗೇ ಇಟ್ಟು ದಿನಾ ಉಣಿಸಬಹುದು. ಅಪರೂಪಕ್ಕೆ ಮಾಡುವವರು ಫ್ರಿಜ್‌ನಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಸಕ್ಕರೆ, ಒಂದು ಚಮಚ ಶುಂಠಿ ಕೊಟ್ಟರೆ ಸಾಕು. ಫ್ರಿಜ್‌ನಲ್ಲೂ ಮುಚ್ಚಳ ಬಿಗಿಯಬೇಡಿ, ಬಟ್ಟೆಯೇ ಇರಲಿ. ಮುಂದಿನ ಸಲ ಮಾಡುವ ಎರಡು ದಿನ ಮೊದಲು ಹೊರಗೆ ತೆಗೆದು, ಉಣಿಸಿ, ಕಲಕಿದಾಗ ನೊರೆ ಏಳುತ್ತದೆಯೇ ನೋಡಿಕೊಳ್ಳಿ. ಎದ್ದರೆ ಶುಂಠಿ ಕಷಾಯಕ್ಕೆ ನೀರಿಡಿ.